ಚಿಕ್ಕಪ್ಪ, ಆ ಫೋಟೋಗಳ ತಿಂಗಳು ನೋಡಿದಿರಾ?

ಚಿಕ್ಕಪ್ಪ, ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ. ಬೆಳಿಗ್ಗೆ ನೀವು ಹಾಕಿದ ಫಾರ್ವರ್ಡ್ ಈಗ ನೋಡಿದೆ. ಉತ್ತರ ಧ್ರುವದ ಎರಡು ಚಿತ್ರ. ಸಮುದ್ರದ ಮೇಲಿನ ಮಂಜುಗಡ್ಡೆ 2012ರಲ್ಲಿ 34 ಲಕ್ಷ ಚದರ ಕಿಲೋಮೀಟರ್, 2025ರಲ್ಲಿ 1 ಕೋಟಿ 43 ಲಕ್ಷ. 'ನಾಲ್ಕು ಪಟ್ಟು ಜಾಸ್ತಿ, ಕರಗೋದೆಲ್ಲ ಸುಳ್ಳು' ಅಂತ ಕೆಳಗೆ ದಪ್ಪ ಅಕ್ಷರ.

ಎರಡೂ ಅಂಕಿ ನಿಜವೇ. ಆದರೆ ಫೋಟೋ ದೊಡ್ಡದು ಮಾಡಿ ಮೂಲೆ ನೋಡಿ. ಮೊದಲನೆಯದು ಸೆಪ್ಟೆಂಬರ್, ಎರಡನೆಯದು ಮಾರ್ಚ್! ಬೇಸಿಗೆಯಲ್ಲಿ ಕರಗಿ ಕರಗಿ ಸೆಪ್ಟೆಂಬರಿಗೆ ತೀರಾ ಕಡಿಮೆ ಆಗುತ್ತದೆ. ಚಳಿಗಾಲದಲ್ಲಿ ಮತ್ತೆ ಹೆಪ್ಪುಗಟ್ಟಿ ಮಾರ್ಚಿಗೆ ತುಂಬಿಕೊಳ್ಳುತ್ತದೆ. ಪ್ರತಿ ವರ್ಷವೂ ಇದೇ. ಒಂದು ವರ್ಷದ ಏಪ್ರಿಲಿನ ಕೆರೆ, ಇನ್ನೊಂದು ವರ್ಷದ ಅಕ್ಟೋಬರಿನ ಕೆರೆ ತೋರಿಸಿ ಬರಗಾಲವೇ ಇಲ್ಲ ಅಂದ ಹಾಗಾಯಿತು.

ಇನ್ನೊಂದು ತಮಾಷೆ ಕೇಳಿ. ಅವರು ಹೆಮ್ಮೆಯಿಂದ ತೋರಿಸಿದ ಆ 1 ಕೋಟಿ 43 ಲಕ್ಷ ಇದೆಯಲ್ಲ, 1979ರಿಂದ ಉಪಗ್ರಹದ ಲೆಕ್ಕ ಇಟ್ಟಾಗಿನಿಂದ ಅಲ್ಲಿಯವರೆಗೆ ಚಳಿಗಾಲದ ಗರಿಷ್ಠ ಅಷ್ಟು ಕಡಿಮೆ ಆಗಿರಲೇ ಇಲ್ಲ!

ಸೆಪ್ಟೆಂಬರನ್ನು ಸೆಪ್ಟೆಂಬರಿಗೇ ಹೋಲಿಸಿ. 1980ರ ದಶಕದಲ್ಲಿ ಸುಮಾರು 70 ಲಕ್ಷ ಉಳಿಯುತ್ತಿತ್ತು, 2025ರಲ್ಲಿ 46 ಲಕ್ಷ. ನಿಮ್ಮ ಕಡೆಗೂ ಒಂದು ಮಾತಿದೆ, ಒಪ್ಪುತ್ತೇನೆ: ಅತಿ ಕಡಿಮೆ ಗಡ್ಡೆಯ 2012ರ ದಾಖಲೆ ಇನ್ನೂ ಮುರಿದಿಲ್ಲ. ದಕ್ಷಿಣ ಧ್ರುವದಲ್ಲಂತೂ 2014ರ ಚಳಿಗಾಲದ ಗರಿಷ್ಠ 2 ಕೋಟಿ ದಾಟಿ ಎಲ್ಲರಿಗೂ ಆಶ್ಚರ್ಯ ಆಗಿತ್ತು. ಆದರೆ 2023ರ ಫೆಬ್ರವರಿಯಲ್ಲಿ ಅಲ್ಲೂ 17.9 ಲಕ್ಷಕ್ಕೆ ಕುಸಿಯಿತು. ಫೆಬ್ರವರಿ ಅಂದರೆ ಅಲ್ಲಿ ಬೇಸಿಗೆಯ ಕೊನೆ, ಹಾಗಾಗಿ ಇದನ್ನು ಆ 2 ಕೋಟಿಗೆ ಹೋಲಿಸಬಾರದು; ಆದರೆ ಅಲ್ಲಿಯ ಬೇಸಿಗೆಗಳಲ್ಲೇ ಅದುವರೆಗಿನ ಅತಿ ಕಡಿಮೆ ಅದು. ಹಿಮ ಮುಚ್ಚಿದ ಗಡ್ಡೆ ಬಿಸಿಲನ್ನು ಶೇ. 80ರಷ್ಟು ವಾಪಸ್ ಕಳಿಸುತ್ತದೆ. ಅದು ಹೋದರೆ ಕಪ್ಪು ನೀರು ಬಿಸಿಲನ್ನೆಲ್ಲ ಕುಡಿದುಬಿಡುತ್ತದೆ, ಮತ್ತಷ್ಟು ಕರಗುತ್ತದೆ.

ಅತ್ತೆ, ನೀವು ಕೇಳಿದಿರಲ್ಲ, ಇದರಿಂದ ಮಂಗಳೂರು ಮುಳುಗುತ್ತದಾ ಅಂತ? ತೇಲುವ ಗಡ್ಡೆ ಕರಗಿದರೆ ಸಮುದ್ರ ಏರುವುದಿಲ್ಲ ಅಂತಲೇ ಅನ್ನಬಹುದು. ಏರಿಸುವುದು ಗ್ರೀನ್‌ಲ್ಯಾಂಡಿನಂಥ ನೆಲದ ಮೇಲಿನ ಹಿಮ, ಜೊತೆಗೆ ಬಿಸಿಯಾಗಿ ಹಿಗ್ಗುವ ನೀರು. ನಿನ್ನೆ ಸ್ಟೀಲ್ ಲೋಟಕ್ಕೆ ಐಸ್ ಹಾಕಿ, ಅಂಚಿನವರೆಗೆ ನೀರು ತುಂಬಿಸಿಟ್ಟೆ. ಪೂರ್ತಿ ಕರಗಿತು, ಒಂದು ಹನಿ ಚೆಲ್ಲಲಿಲ್ಲ. ಅಜ್ಜಿ ಮಾತ್ರ ಲೋಟದ ಕೆಳಗೆ ಬೆರಳಾಡಿಸಿ, 'ಇದೇನು ಹಾಗಾದರೆ?' ಅಂದರು. ಅದು ಲೋಟದ ಹೊರಗೆ ಬೆವರಿದ ನೀರು ಅಜ್ಜಿ ಅಂದರೆ ಇನ್ನೂ ನಂಬುತ್ತಿಲ್ಲ.