ಮೂಳೆ ಸವೆತಕ್ಕೆ ಮೂತ್ರ ಪರೀಕ್ಷೆ: ಮಾಡಿಸಿದವರು ಇದ್ದೀರಾ?

ಅಮ್ಮನಿಗೆ 67 ವರ್ಷ. ಡೆಕ್ಸಾ ಸ್ಕ್ಯಾನ್‌ನಲ್ಲಿ (ಮೂಳೆಯ ಸಾಂದ್ರತೆ ಅಳೆಯುವ ಎಕ್ಸ್‌ರೇ) ಮೂಳೆ ಸವೆತ ಅಂತ ಬಂದಿದೆ. ವಾರಕ್ಕೊಂದು ಮಾತ್ರೆ ಬರೆದಿದ್ದಾರೆ, ಆದರೆ ಶುರು ಮಾಡುವ ಮೊದಲು ಮೂತ್ರದಲ್ಲಿ ಎನ್‌ಟಿಎಕ್ಸ್ ನೋಡಿಸಿ ಎಂದರು ಡಾಕ್ಟರು. ಮೂಳೆಗೂ ಮೂತ್ರಕ್ಕೂ ಏನು ಸಂಬಂಧ? ಅನುಭವ ಇದ್ದವರು ಹೇಳಿ.

ಉತ್ತರ 1
ನಮ್ಮತ್ತೆಗೆ ಎರಡು ಸಲ ಮಾಡಿಸಿದ್ದೇವೆ. ಮೂಳೆ ಅಂದ್ರೆ ಬರೀ ಕ್ಯಾಲ್ಸಿಯಂ ಅಲ್ಲ, ಒಳಗೆ ಕೊಲಾಜೆನ್ ಎಂಬ ಪ್ರೋಟೀನಿನ ಹೆಣಿಗೆ ಇರುತ್ತದೆ. ಮೂಳೆ ಕರಗಿದಾಗ ಅದರ ಚೂರುಗಳು ರಕ್ತಕ್ಕೆ ಸೇರಿ ಮೂತ್ರದಲ್ಲಿ ಹೊರಗೆ ಹೋಗುತ್ತವೆ. ಎನ್‌ಟಿಎಕ್ಸ್ ಅಂಥದೊಂದು ಚೂರು.

ಮೊದಲ ಸಲ ನಾವು ಎಡವಿದೆವು. ಅತ್ತೆ ಐದು ಗಂಟೆಗೇ ಎದ್ದು ಡಬ್ಬಿ ತುಂಬಿಸಿ, ಪ್ಲಾಸ್ಟಿಕ್ ಕವರಿನಲ್ಲಿ ಗಂಟು ಹಾಕಿ ಬಾಗಿಲ ಹತ್ತಿರ ಇಟ್ಟಿದ್ದರು. ಲ್ಯಾಬಿನವರು ವಾಪಸ್ ಕಳಿಸಿದರು. ಬೆಳಗ್ಗೆ ಎರಡನೇ ಸಲ ಹೋದದ್ದು ಬೇಕಂತೆ. ರಾತ್ರಿ ಮೂಳೆ ಕರಗುವುದು ಜಾಸ್ತಿ, ಮಧ್ಯಾಹ್ನದ ಹೊತ್ತಿಗೆ ಕಡಿಮೆ. ಹಾಗಾಗಿ ಮುಂದಿನ ಸಲವೂ ಅದೇ ಹೊತ್ತಿಗೆ, ಅದೇ ಲ್ಯಾಬಿಗೆ ಕೊಡಿ. ಇಲ್ಲದಿದ್ದರೆ ಹೋಲಿಸಿ ಪ್ರಯೋಜನವಿಲ್ಲ.

ಅತ್ತೆಯ ಎನ್‌ಟಿಎಕ್ಸ್ ಮೊದಲು 78 ಇತ್ತು, ಮಾತ್ರೆ ತಗೊಂಡು ನಾಲ್ಕು ತಿಂಗಳಿಗೆ 36 ಆಯಿತು. ಸ್ಕ್ಯಾನ್‌ನಲ್ಲಿ ವ್ಯತ್ಯಾಸ ಕಾಣಲು ವರ್ಷ, ಎರಡು ವರ್ಷ ಕಾಯಬೇಕು. ಮಾತ್ರೆ ಕೆಲಸ ಮಾಡ್ತಿದೆಯಾ ಅಂತ ಬೇಗ ತಿಳಿಯೋದಕ್ಕೇ ಇದು. ಮೊದಲ ನಂಬರ್ ನೋಡಿ ಸುಮ್ನೆ ಗಾಬರಿಯಾಗಬೇಡಿ. ನೀರು ಜಾಸ್ತಿ ಕುಡಿದರೆ ತೆಳುವಾಗಲ್ವಾ ಅಂತ ನಾನೂ ಕೇಳಿದ್ದೆ. ಅದೇ ಮೂತ್ರದಲ್ಲಿರುವ ಕ್ರಿಯಾಟಿನಿನ್ (ಸ್ನಾಯುಗಳಿಂದ ಬರುವ ತ್ಯಾಜ್ಯ) ಜೊತೆ ತೂಗಿ ಲೆಕ್ಕ ಹಾಕುತ್ತಾರೆ, ಚಿಂತೆ ಇಲ್ಲ.

ಉತ್ತರ 2
ನಮ್ಮಜ್ಜಿಯ ಕಾಲದ್ದು ಇನ್ನೊಂದು ಪರೀಕ್ಷೆ, ಹೈಡ್ರಾಕ್ಸಿಪ್ರೋಲಿನ್. ಅದೂ ಕೊಲಾಜೆನ್ನಿನ ಚೂರೇ. 24 ಗಂಟೆಯ ಮೂತ್ರ ಕ್ಯಾನಿನಲ್ಲಿ ಹಿಡಿಯಬೇಕಿತ್ತು. ಮೂಳೆಗೆ ಒಳ್ಳೇದು ಅಂತ ಮನೆಯವರು ಹಿಂದಿನ ದಿನ ಕಾಲು ಸೂಪ್ ಕುಡಿಸಿದ್ದರು. ರಿಪೋರ್ಟ್ ಏರಿ ಕೂತಿತ್ತು! ಮೇಕೆ ಕಾಲಿನ ಕೊಲಾಜೆನ್ನೂ ಅದರಲ್ಲಿ ಲೆಕ್ಕಕ್ಕೆ ಬರುತ್ತದೆ. ಮಾಂಸ, ಜೆಲ್ಲಿ ಬಿಡಿಸಿ ಮತ್ತೆ ಮಾಡಿಸಿದರು. ಎನ್‌ಟಿಎಕ್ಸ್‌ಗೆ ಆ ರಗಳೆ ಇಲ್ಲ.

ಉತ್ತರ 3
ಅಮ್ಮ ಈಚೆಗೆ ಬಿದ್ದು ಮೂಳೆ ಮುರಿದಿತ್ತಾ? ಹಾಗಿದ್ದರೆ ಡಾಕ್ಟರಿಗೆ ಮೊದಲೇ ಹೇಳಿ. ಮುರಿದ ಜಾಗ ಕೂಡುವಾಗ ಈ ನಂಬರ್ ತಿಂಗಳುಗಟ್ಟಲೆ ಏರಿರುತ್ತದೆ.

ಕೇಳಿದವರು
ಮುರಿದಿಲ್ಲ. ಅಮ್ಮನದು ಒಂದೇ ಪ್ರಶ್ನೆ: ಎರಡನೇ ಸಲದವರೆಗೆ ಕಾಫಿ ಇಲ್ಲದೆ ಇರಬೇಕಾ?

ಉತ್ತರ 1
ಅತ್ತೆ ಕುಡಿದೇ ಕೊಟ್ಟಿದ್ದು. ನಮ್ಮ ಲ್ಯಾಬಿನವರು ಬೇಡ ಅನ್ನಲಿಲ್ಲ, ನಿಮ್ಮವರನ್ನೂ ಒಂದು ಮಾತು ಕೇಳಿಬಿಡಿ.