4.8 ಲಕ್ಷದ ಆಫರ್ ಒಪ್ಪಲಾ, 4.2 ಲಕ್ಷದ್ದಾ?

ಪ್ರಶ್ನೆ: ಮೇಡಂ, ಈ ವರ್ಷ ಮೆಕ್ಯಾನಿಕಲ್ ಬಿಇ ಮುಗಿಸಿದ್ದೇನೆ. ಊರು ಮಂಡ್ಯ. ಎರಡು ಆಫರ್ ಬಂದಿವೆ. ಬೆಂಗಳೂರಲ್ಲಿ ಸಾಫ್ಟ್‌ವೇರ್ ಸಪೋರ್ಟ್ ಕೆಲಸ, ಸಿಟಿಸಿ 4.8 ಲಕ್ಷ. ಬೇಸಿಕ್ (ಮೂಲ ವೇತನ) ತಿಂಗಳಿಗೆ 20,000. ಸಿಟಿಸಿಯಲ್ಲೇ ವೇರಿಯಬಲ್ 48,000, ವಿಮೆ 7,600 ಸೇರಿದೆ. 2 ವರ್ಷ ಬಾಂಡ್, ನಡುವೆ ಬಿಟ್ಟರೆ 1.5 ಲಕ್ಷ ಕಟ್ಟಬೇಕು. ಇನ್ನೊಂದು ಮೈಸೂರಿನ ಬಿಡಿಭಾಗಗಳ ಕಾರ್ಖಾನೆ, ಪ್ರೊಡಕ್ಷನ್ ಎಂಜಿನಿಯರ್ ಕೆಲಸ. 4.2 ಲಕ್ಷ, ಬೇಸಿಕ್ 17,500. ವೇರಿಯಬಲ್ಲೂ ಇಲ್ಲ, ಬಾಂಡೂ ಇಲ್ಲ, ವಿಮೆ ಬೇರೆ ಕೊಡುತ್ತಾರೆ. ಮನೆಯಲ್ಲಿ ಎಲ್ಲರೂ ಬೆಂಗಳೂರಿಗೇ ಹೋಗು ಅಂತಾರೆ.

ಉತ್ತರ (ಎಚ್‌ಆರ್): ಸಿಟಿಸಿ ಅಂದರೆ ಸಂಬಳ ಅಲ್ಲ, ಕಂಪನಿ ನಿಮಗಾಗಿ ಮಾಡುವ ಒಟ್ಟು ಖರ್ಚು. ಬೆಂಗಳೂರಿನದನ್ನೇ ಬಿಡಿಸಿ ನೋಡೋಣ. ವೇರಿಯಬಲ್ (ಖಾತರಿ ಇಲ್ಲದ, ಏರಿಳಿಯುವ ಭಾಗ) ಮತ್ತು ವಿಮೆ ತೆಗೆಯಿರಿ. ಕಂಪನಿ ಕಟ್ಟುವ ಪಿಎಫ್ (ಭವಿಷ್ಯ ನಿಧಿ) ಬೇಸಿಕ್‌ನ 12%, ವರ್ಷಕ್ಕೆ 28,800. ಗ್ರಾಚ್ಯುಟಿ (ಕೆಲಸ ಬಿಡುವಾಗ ಕೊಡುವ ಇಡಿಗಂಟು) ಬೇಸಿಕ್‌ನ 4.81%, ವರ್ಷಕ್ಕೆ ಸುಮಾರು 11,500. ಅದು ಕಾಯಂ ನೌಕರರ ಕೈಗೆ ಬರುವುದು ಸಾಮಾನ್ಯವಾಗಿ 5 ವರ್ಷ ತುಂಬಿದ ಮೇಲೆ. ಇಷ್ಟು ಹೋದರೆ ತಿಂಗಳಿಗೆ 32,000 ಉಳಿಯುತ್ತದೆ. ಅದರಲ್ಲಿ ನಿಮ್ಮ ಪಾಲಿನ ಪಿಎಫ್ 2,400, ವೃತ್ತಿ ತೆರಿಗೆ 200 ಕಳೆದರೆ ಕೈಗೆ ಸುಮಾರು 29,400. ಹೊಸ ತೆರಿಗೆ ಪದ್ಧತಿಯಲ್ಲಿ ಇಷ್ಟು ಸಂಬಳಕ್ಕೆ ಆದಾಯ ತೆರಿಗೆ ಬರುವುದಿಲ್ಲ.

ಮೈಸೂರಿನದಕ್ಕೂ ಇದೇ ಲೆಕ್ಕ ಹಾಕಿ. ಕೈಗೆ ಸುಮಾರು 29,700 ಬರುತ್ತದೆ! 60,000 ಕಮ್ಮಿ ಅಂತ ಕಂಡ ಆಫರ್‌ನಲ್ಲೇ ತಿಂಗಳ ಸಂಬಳ ತುಸು ಜಾಸ್ತಿ. ಮಂಡ್ಯದಿಂದ ರೈಲಿನಲ್ಲಿ ಓಡಾಡಬಹುದು. ಬೆಂಗಳೂರಲ್ಲಾದರೆ ಪಿಜಿ ಬಾಡಿಗೆ, ಊಟ ಎಲ್ಲ ಇದರಲ್ಲೇ ಆಗಬೇಕು, ಅಲ್ವಾ?

ವೇರಿಯಬಲ್ ಪೂರ್ತಿ ಬಂದರೆ ಬೆಂಗಳೂರಿನದೇ ಜಾಸ್ತಿ, ನಿಜ. ಆದರೆ ಅದನ್ನು ನಂಬಿ ಬಾಡಿಗೆ ಮನೆ ಹಿಡಿಯಬೇಡಿ. ನೀವು ಓದಿದ್ದು ಮೆಕ್ಯಾನಿಕಲ್. ಯಂತ್ರಗಳ ಕೆಲಸ ಇಷ್ಟವಿದ್ದರೆ ಮೈಸೂರೇ ಸರಿ ಅಂತ ನನಗನ್ನಿಸುತ್ತದೆ. ಸಪೋರ್ಟ್‌ನಲ್ಲಿ 2 ವರ್ಷ ಕಳೆದು ಕೋರ್ ಕೆಲಸಕ್ಕೆ, ಅಂದರೆ ಓದಿದ ಮೆಕ್ಯಾನಿಕಲ್ಲಿಗೆ ವಾಪಸ್ ಬರುವುದು ಕಷ್ಟ.

ಪ್ರಶ್ನೆ: ಬಾಂಡ್ ಸುಮ್ನೆ ಹೆದರಿಸೋಕೆ ಅಂತಾರೆ ಫ್ರೆಂಡ್ಸ್. ಬೆಂಗಳೂರಿನ ಕಂಪನಿಯವರು ಮೂಲ ಅಂಕಪಟ್ಟಿಯನ್ನೂ ಕೇಳಿದ್ದಾರೆ.

ಉತ್ತರ: ಹಾಗಂದುಕೊಂಡು ಸಹಿ ಹಾಕಬೇಡಿ. ಕರ್ನಾಟಕದಿಂದಲೇ ಹೋಗಿದ್ದ ಒಂದು ಬ್ಯಾಂಕಿನ ಪ್ರಕರಣದಲ್ಲಿ 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ 2 ಲಕ್ಷದ ಬಾಂಡನ್ನು ಎತ್ತಿಹಿಡಿದಿದೆ. ಎಲ್ಲ ಬಾಂಡೂ ಹಾಗೇ ನಿಲ್ಲುತ್ತದೆ ಅಂತಲ್ಲ, ತರಬೇತಿಗೆ ನಿಜಕ್ಕೂ ಎಷ್ಟು ಖರ್ಚಾಯಿತು ಅನ್ನುವ ಪ್ರಶ್ನೆ ಬರುತ್ತದೆ. ಅಂಕಪಟ್ಟಿಯನ್ನು ತೋರಿಸಿ, ಜೆರಾಕ್ಸ್ ಕೊಡಿ, ಮೂಲಪ್ರತಿ ಮಾತ್ರ ಅವರ ಹತ್ತಿರ ಬಿಡಬೇಡಿ. ಇವತ್ತೇ ಅವರಿಗೆ ಮೇಲ್ ಮಾಡಿ: ಕಳೆದ ವರ್ಷ ಫ್ರೆಶರ್‌ಗಳಿಗೆ ವೇರಿಯಬಲ್ ಎಷ್ಟು ಕೊಟ್ಟಿರಿ, ತರಬೇತಿ ಎಷ್ಟು ತಿಂಗಳು, ಕೆಲಸ ಬಿಡುವಾಗ ಬಾಂಡ್ ಮೊತ್ತ ದುಡಿದ ತಿಂಗಳಿಗೆ ತಕ್ಕಂತೆ ಇಳಿಯುತ್ತದಾ? ಉತ್ತರ ಬರಹದಲ್ಲೇ ಬರಲಿ. ಬಂದ ಮೇಲೆ ಇಲ್ಲಿ ಹಾಕಿ, ನೋಡೋಣ.