ಎಸ್ಟೀಮ್ 1.3 ಎಂಜಿನ್‌ನಿಂದ 150 ಎಚ್‌ಪಿ: ಆಗುತ್ತಾ, ಆಗಲ್ವಾ?

ಪ್ರಶ್ನೆ: ಹಾಸನದ ಎಸ್ಟೀಮ್

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ 2003ರ ಮಾರುತಿ ಎಸ್ಟೀಮ್ ಇದೆ. 1298 ಸಿಸಿ, 16 ವಾಲ್ವ್, ಎಂಪಿಎಫ್‌ಐ (ಕಾರ್ಬುರೇಟರ್ ಬದಲು ಇಂಜೆಕ್ಟರ್ ಇರೋದು). ಆಯಿಲ್ ಕುಡಿಯಲು ಶುರು ಮಾಡಿದೆ, ಹೇಗೂ ಎಂಜಿನ್ ಇಳಿಸಲೇಬೇಕು. ಇಳಿಸಿದ ಮೇಲೆ ಬರೀ ರಿಂಗ್ ಹಾಕಿ ಮುಚ್ಚೋ ಬದಲು ಸ್ವಲ್ಪ ಜೋರು ಮಾಡಿಸೋಣ ಅಂತ ಆಸೆ. ಆಗಾಗ ಆಟೋಕ್ರಾಸ್ (ಕೋನ್‌ಗಳ ಸುತ್ತ ಗಾಡಿ ಓಡಿಸೋ ಸ್ಪರ್ಧೆ), ಉಳಿದಂತೆ ಹಾಸನ–ಬೆಂಗಳೂರು ಓಡಾಟ. ಬಜೆಟ್ ಎರಡೂವರೆ ಲಕ್ಷ. ಕಂಪನಿ ಲೆಕ್ಕದಲ್ಲಿ ಇದು 85 ಬಿಎಚ್‌ಪಿ. ಕ್ಯಾಮ್ (ವಾಲ್ವ್ ತೆರೆಯೋ ಶಾಫ್ಟ್), ಹೆಡರ್ (ಹೊಗೆ ಹೊರಹೋಗೋ ಪೈಪುಗಳು), ಹೆಡ್ ವರ್ಕ್ (ಎಂಜಿನ್ ಮೇಲ್ಭಾಗದ ಕೆಲಸ) ಮಾಡಿಸಿದರೆ 150 ಗ್ಯಾರಂಟಿ ಅಂತ ಒಬ್ಬ ಮೆಕ್ಯಾನಿಕ್ ಹೇಳ್ತಿದ್ದಾರೆ. ಮಾಡಿಸಿದವರು, ಮಾಡಿದವರು ನಿಜ ಹೇಳಿ.

ಮೈಸೂರು ಲೇತ್

ಸ್ವಾಮಿ, ಮೊದಲು ಆ 150ನ್ನು ಕಾಗದದ ಮೇಲೆ ಇಡೋಣ. ಎಚ್‌ಪಿ ಅನ್ನೋದು ಬೇರೆ ಏನೂ ಅಲ್ಲ, ಟಾರ್ಕನ್ನು (ತಿರುಗಿಸೋ ಬಲ) ಆರ್‌ಪಿಎಂನಿಂದ (ನಿಮಿಷಕ್ಕೆ ಎಷ್ಟು ಸುತ್ತು) ಗುಣಿಸಿ 7121ರಿಂದ ಭಾಗಿಸಿದರೆ ಬರುವ ಸಂಖ್ಯೆ (ಟಾರ್ಕ್ ನ್ಯೂಟನ್ ಮೀಟರ್, ಅಂದ್ರೆ ಎನ್‌ಎಂನಲ್ಲಿ ಇರಬೇಕು). ನಿಮ್ಮ ಗಾಡಿ 6000ಕ್ಕೆ 85 ಕೊಡ್ತಿತ್ತು ಅಂದ್ರೆ ಆ ಜಾಗದಲ್ಲಿ ಟಾರ್ಕ್ ಸುಮಾರು 101 ಎನ್‌ಎಂ. ಎಂಜಿನ್ ಗಾತ್ರದ ಲೀಟರಿಗೆ 78 ಎನ್‌ಎಂ.

ಈಗ ಮೆಕ್ಯಾನಿಕ್ ಹೇಳಿದ 150. 7500 ಆರ್‌ಪಿಎಂನಲ್ಲಿ ಅದು ಬರಬೇಕಾದರೆ ಅಲ್ಲಿ 142 ಎನ್‌ಎಂ ಬೇಕು. ಲೀಟರಿಗೆ ಹತ್ತಿರ ಹತ್ತಿರ 110. ಹೋಂಡಾದವರ ಎಸ್2000 ಕೇಳಿರ್ತೀರಿ. 2 ಲೀಟರ್, ಟರ್ಬೊ ಇಲ್ಲದೆ ಜಪಾನಿನಲ್ಲಿ 250 ಪಿಎಸ್. ಟರ್ಬೊ ಇಲ್ಲದ ರಸ್ತೆ ಕಾರುಗಳ ಎಂಜಿನ್‌ಗಳಲ್ಲಿ ಅದಕ್ಕೆ ಇವತ್ತಿಗೂ ಕೈ ಮುಗಿಯಬೇಕು. ಆ ಎಂಜಿನ್ 8300ರಲ್ಲಿ ಕೊಡೋದು ಲೀಟರಿಗೆ 106 ಎನ್‌ಎಂ. ನಿಮ್ಮ ಮೆಕ್ಯಾನಿಕ್ ಎರಡೂವರೆ ಲಕ್ಷಕ್ಕೆ, ಒಂದೇ ಕ್ಯಾಮ್ ಶಾಫ್ಟ್ ಇರೋ ಎಸ್ಟೀಮ್ ಹೆಡ್ಡಲ್ಲಿ, ಅದಕ್ಕಿಂತ ಜಾಸ್ತಿ ತೆಗೀತೀನಿ ಅಂತಿದ್ದಾರೆ.

ಟಾರ್ಕ್ ಏರಿಸೋಕೆ ಆಗಲ್ಲ, ಆರ್‌ಪಿಎಂ ಏರಿಸೋಣ ಅಂದ್ರೆ 9000ಕ್ಕೆ ಹೋಗಬೇಕು. ಅಲ್ಲಿ 119 ಎನ್‌ಎಂ ಸಾಕು. ಆದರೆ 75.5 ಮಿ.ಮೀ. ಸ್ಟ್ರೋಕಿಗೆ (ಪಿಸ್ಟನ್ ಮೇಲೆ ಕೆಳಗೆ ಓಡೋ ದೂರ) 9000ದಲ್ಲಿ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ 22.6 ಮೀಟರ್. ಫೋರ್ಜ್ಡ್ ಪಿಸ್ಟನ್, ಒಳ್ಳೆ ಕನೆಕ್ಟಿಂಗ್ ರಾಡ್, ಗಟ್ಟಿ ವಾಲ್ವ್ ಸ್ಪ್ರಿಂಗ್, ಕ್ರ್ಯಾಂಕ್ ಬ್ಯಾಲೆನ್ಸಿಂಗ್, ಎಲ್ಲ ಬೇಕು. 7000ಕ್ಕೆ ನಿಲ್ಲಿಸಿದರೆ ಅದೇ ವೇಗ 17.6. ಕಂಪನಿ ರಾಡ್ ಅಲ್ಲಿ ಬದುಕುತ್ತೆ.

ನನ್ನ ಲೆಕ್ಕ: 7000ಕ್ಕೆ 105 ಎಚ್‌ಪಿ, ಕ್ರ್ಯಾಂಕಿನಲ್ಲಿ (ಅಂದ್ರೆ ಚಕ್ರದಲ್ಲಲ್ಲ, ಎಂಜಿನ್ನಿನ ಶಾಫ್ಟಿನಲ್ಲಿ). ಅದಕ್ಕೆ ಲೀಟರಿಗೆ 82 ಎನ್‌ಎಂ ಸಾಕು. ಅಂದರೆ ಟಾರ್ಕನ್ನು ಹೊಸದಾಗಿ ಹುಟ್ಟಿಸಬೇಕಿಲ್ಲ, ಈಗ ಕೆಳಗೆ ಸಿಗ್ತಿರೋದನ್ನ ಮೇಲಿನ ಆರ್‌ಪಿಎಂವರೆಗೂ ಬೀಳದ ಹಾಗೆ ಹಿಡಿದುಕೊಂಡರೆ ಆಯ್ತು. ಕ್ಯಾಮ್, ಪೋರ್ಟಿಂಗ್ (ಹೆಡ್ಡಲ್ಲಿ ಗಾಳಿ ಹೋಗೋ ದಾರಿ ತಿದ್ದೋದು), ಹೆಡರ್ ಮಾಡೋ ಕೆಲಸ ಇಷ್ಟೇ. 110 ಬಂತು ಅಂದ್ರೆ ಕೆಲಸ ಮಾಡಿದವನ ಕೈ ಚೆನ್ನಾಗಿದೆ. ಅದರ ಮೇಲೆ ಯಾರಾದರೂ ಹೇಳಿದರೆ ಡೈನೋ (ಪವರ್ ಅಳೆಯೋ ಮೆಷೀನ್) ಶೀಟ್ ಕೇಳಿ.

ಯಲಹಂಕ ಡೈನೋ

ಶೀಟ್ ಕೇಳಿದರೆ ಸಾಲದು ಸಾರ್, ಓದೋದೂ ಗೊತ್ತಿರಬೇಕು. ಕಂಪನಿ ಹೇಳೋ 85 ಕ್ರ್ಯಾಂಕಿನದ್ದು. ಡೈನೋ ಅಳೆಯೋದು ಚಕ್ರದಲ್ಲಿ. ಮಧ್ಯೆ ಗೇರ್‌ಬಾಕ್ಸ್, ಡ್ರೈವ್ ಶಾಫ್ಟ್, ಟಯರ್ ಸೇರಿ ನೂರಕ್ಕೆ ಹದಿನೈದರಷ್ಟು ತಿಂದುಹಾಕುತ್ತವೆ. ಹೊಸ ಎಸ್ಟೀಮನ್ನೇ ತಂದು ಹತ್ತಿಸಿದ್ರೂ 72ರ ಆಸುಪಾಸು.

ಅದೂ ಸಮುದ್ರ ಮಟ್ಟದಲ್ಲಿ! ಬೆಂಗಳೂರು ಇರೋದು 900 ಮೀಟರಿಗಿಂತ ಮೇಲೆ, ನಿಮ್ಮ ಹಾಸನವೂ ಹಾಗೇ. ಇಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟಕ್ಕಿಂತ ನೂರಕ್ಕೆ ಹತ್ತರಷ್ಟು ಕಡಿಮೆ. ಟರ್ಬೊ ಇಲ್ಲದ ಎಂಜಿನ್ ಅಷ್ಟೇ ಕಡಿಮೆ ಗಾಳಿ ಎಳೆಯುತ್ತೆ, ಪವರ್ರೂ ಅಷ್ಟೇ ಇಳಿಯುತ್ತೆ. 72 ಇದ್ದದ್ದು 65. ಅದೇ ಎಂಜಿನ್ನನ್ನ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕಿಗೆ ತಗೊಂಡು ಹೋದ್ರೆ ಬಿಸಿಲಿನ ಕಾಟ ಇದ್ದರೂ ಒಂದು ಉಸಿರು ಜಾಸ್ತಿ ಎಳೆಯುತ್ತೆ.

ಡೈನೋ ಸಾಫ್ಟ್‌ವೇರ್ ಈ ವ್ಯತ್ಯಾಸವನ್ನ ಸರಿದೂಗಿಸಿ 'ಕರೆಕ್ಟೆಡ್' ನಂಬರ್ ಕೊಡುತ್ತೆ. ಅದರ ಮೇಲೆ ಗೇರ್‌ಬಾಕ್ಸ್ ನಷ್ಟ ಅಂತ ಇನ್ನೊಂದು ಹದಿನೈದೋ ಇಪ್ಪತ್ತೋ ಸೇರಿಸಿ ಕ್ರ್ಯಾಂಕ್ ಎಚ್‌ಪಿ ಅಂತ ಬರೆದುಕೊಡೋರೂ ಇದಾರೆ. ಮೆಷೀನ್ ಅಳೆದದ್ದು ಎಷ್ಟು, ಸೇರಿಸಿದ್ದು ಎಷ್ಟು ಅಂತ ಬೇರೆ ಬೇರೆ ಕೇಳಿ. ಮುಖ್ಯವಾಗಿ, ಎಂಜಿನ್ ಬಿಚ್ಚೋಕೆ ಮುಂಚೆ ಈಗಿರೋ ಸ್ಥಿತಿಯಲ್ಲೇ ಒಂದು ರನ್ ಹಾಕಿಸಿ. ಕೆಲಸ ಮುಗಿದ ಮೇಲೆ ಅದೇ ಡೈನೋ, ಅದೇ ಗೇರ್, ಅದೇ ಟಯರ್. ಎರಡರ ನಡುವಿನ ಅಂತರ ಮಾತ್ರ ನಿಮ್ಮ ದುಡ್ಡಿಗೆ ಸಿಕ್ಕಿದ್ದು, ಉಳಿದದ್ದು ಬಾಯಿ ಮಾತು.

ಮೂಡಿಗೆರೆ ಮಣ್ಣುದಾರಿ

ನಾನು ಆಟೋಕ್ರಾಸ್ ಓಡಿಸೋಳು, ಎಂಜಿನ್ ಬಿಚ್ಚೋಳಲ್ಲ. ಆದ್ದರಿಂದ ಸೀಟಿನಲ್ಲಿ ಕೂತವರ ಮಾತು ಹೇಳ್ತೀನಿ.

ಆಟೋಕ್ರಾಸಲ್ಲಿ ನೀವು 7000 ಆರ್‌ಪಿಎಂನಲ್ಲಿ ಇರೋದು ಎಷ್ಟು ಹೊತ್ತು? ಕೋನ್ ಸುತ್ತಿ ಹೊರಗೆ ಬಂದಾಗ ಮುಳ್ಳು 3500ರಲ್ಲಿರುತ್ತೆ. ಅಲ್ಲಿ ಪಿಕಪ್ ಇಲ್ಲ ಅಂದ್ರೆ ಮೇಲೆ 110 ಇದ್ದರೂ ಪಕ್ಕದ ಸ್ಟಾಕ್ ಕಾರು ಮುಂದೆ ಹೋಗುತ್ತೆ. ಕ್ಯಾಮ್ ಜಾಸ್ತಿ ಡ್ಯುರೇಶನ್ (ವಾಲ್ವ್ ತೆರೆದಿರೋ ಹೊತ್ತು) ಇದ್ದಷ್ಟೂ ಕೆಳಗಿನ ಟಾರ್ಕ್ ಹೋಗುತ್ತೆ, ಐಡ್ಲಿಂಗ್ ಕುಂಟುತ್ತೆ. ಶಿರಾಡಿ ಘಾಟಿಯಲ್ಲಿ ಲಾರಿ ಹಿಂದೆ ಸಿಕ್ಕಿಹಾಕಿಕೊಂಡಾಗ ಗೊತ್ತಾಗುತ್ತೆ ಅದರ ಸುಖ! ಕ್ಯಾಮ್ ಹಾಕಿಸೋದಾದರೆ ಮೃದುವಾದದ್ದೇ ಹಾಕಿಸಿ.

ಇನ್ನೊಂದು, ಎಸ್ಟೀಮ್ 900 ಕಿಲೋಗಿಂತ ಹಗುರ. ಅದೇ ಅದರ ನಿಜವಾದ ಟ್ಯೂನಿಂಗ್. ಎರಡೂವರೆ ಲಕ್ಷದಲ್ಲಿ ಒಂದು ಪಾಲು ಟಯರ್, ಬ್ರೇಕ್ ಪ್ಯಾಡ್, ಶಾಕ್ ಅಬ್ಸಾರ್ಬರಿಗೆ ಎತ್ತಿಟ್ಟುಬಿಡಿ. 20 ಎಚ್‌ಪಿ ಹೆಚ್ಚಿಸಿಕೊಂಡು ಹಳೇ ಬ್ರೇಕಲ್ಲಿ ಓಡಿಸೋದು ನನಗೆ ಇಷ್ಟ ಆಗೋ ವಿಷಯ ಅಲ್ಲ. ಸೈಲೆನ್ಸರ್ ವಿಷಯದಲ್ಲೂ ಹುಷಾರು. ಬೆಂಗಳೂರು ಪೊಲೀಸರು ಜೋರು ಸದ್ದಿನ ಸೈಲೆನ್ಸರ್‌ಗಳನ್ನ ರೋಡ್ ರೋಲರ್ ಕೆಳಗೆ ಹಾಕಿಸಿದ್ದು ಮರೆತಿಲ್ಲ ತಾನೆ?

ಹುಬ್ಬಳ್ಳಿ ಬಲೆನೊ

ಇಷ್ಟೆಲ್ಲಾ ಯಾಕ್ರೀ? ಹಳೇ ಬಲೆನೊದ 1.6 ಎಂಜಿನ್ ತಂದು ಕೂಡಿಸ್ರಿ. 1590 ಸಿಸಿ, ಕಂಪನಿಯಿಂದನ 94 ಬಿಎಚ್‌ಪಿ, ಟಾರ್ಕ್ 130 ಎನ್‌ಎಂ, ಅದೂ 3000ಕ್ಕನ ಸಿಗತೈತಿ. ಅಕ್ಕಾರ ಹೇಳಿದ್ರಲ್ಲ, ಕೋನ್ ಸುತ್ತಿ ಹೊರಗ ಬರೋ ಜಾಗಾ, ಅಲ್ಲಿ ಇದರ ಮುಂದ 1.3 ನಿಲ್ಲೂದಿಲ್ಲ. ಮಾರುತಿ ಜಿಪ್ಸಿ ಇಟ್ಟ ಮಂದಿ ಇದನ್ನ ಎಷ್ಟೋ ವರ್ಷದಿಂದ ಮಾಡ್ಕೋತ ಬಂದಾರ. ಹೆಡರ್ ಮತ್ತ ಸ್ವಲ್ಪ ಹೆಡ್ ಕೆಲಸ ಮಾಡಿದ್ರ 110–115 ಆರಾಮ ಬರತೈತಿ.

ಒಂದ ಮಾತು: ಅದರ ಸ್ಟ್ರೋಕ್ 90 ಮಿ.ಮೀ. ಐತಿ. 7500ಕ್ಕ ತಿರುಗಿಸಿದ್ರ ಪಿಸ್ಟನ್ ವೇಗ 22.5 ಆಗತೈತಿ. ಅದಕ್ಕ 6500ಕ್ಕ ಕೈ ಬಿಡ್ರಿ. ಮತ್ತ ಆರ್‌ಟಿಒ ಒಪ್ಪಿಗಿ ತಗೊಂಡು ಆರ್‌ಸಿದಾಗ ಎಂಜಿನ್ ನಂಬರ್ ಬದಲಿ ಮಾಡಿಸ್ಲಿಕ್ಕೇ ಬೇಕು. ಇಲ್ಲಾಂದ್ರ ಇನ್ಶೂರೆನ್ಸ್‌ನವರು ಕೈ ಎತ್ತಿಬಿಡ್ತಾರ.

ಮೈಸೂರು ಲೇತ್

ಹುಬ್ಬಳ್ಳಿಯವರ ಮಾತು ಸರಿ, ಆದರೆ ಸಿಸಿ ಬದಲಾದರೆ ಸ್ಪರ್ಧೆಯಲ್ಲಿ ವರ್ಗವೂ ಬದಲಾಗುತ್ತೆ. ಮೊದಲು ನಿಯಮ ಓದಿ.

1.3ರಲ್ಲೇ ಇರೋದಾದರೆ ಕಂಪ್ರೆಶನ್ (ಪಿಸ್ಟನ್ ಒಳಗಿನ ಗಾಳಿಯನ್ನ ಎಷ್ಟು ಪಟ್ಟು ಒತ್ತುತ್ತೆ ಅನ್ನೋದು) ಬಗ್ಗೆ ಸ್ವಲ್ಪ ಬಿಡಿಸಿ ಹೇಳ್ತೀನಿ, ಅಂಗಡಿಗೆ ಬರೋ ಹತ್ತರಲ್ಲಿ ಎಂಟು ಜನ ಅದನ್ನೇ ಕೇಳೋದು. 9.5 ಇರೋದನ್ನ 10.5 ಮಾಡಿದರೆ ಸಿಗೋ ಲಾಭ ಲೆಕ್ಕದಲ್ಲಿ ನೂರಕ್ಕೆ ಎರಡೂವರೆ. ಅಂದರೆ ಎರಡು ಎಚ್‌ಪಿ. ಅದಕ್ಕಾಗಿ ಒಂದೊಂದು ಸಿಲಿಂಡರಿನ ಮೇಲಿನ ಜಾಗದಲ್ಲಿ 4 ಸಿಸಿ ಕಡಿಮೆ ಮಾಡಬೇಕು. 74 ಮಿ.ಮೀ. ಬೋರಿಗೆ (ಸಿಲಿಂಡರಿನ ವ್ಯಾಸ) ಹೆಡ್ ಫೇಸಿಂಗ್ (ಹೆಡ್ಡಿನ ತಳ ಕೆರೆಯೋದು) ಒಂದರಿಂದಲೇ ಅದನ್ನ ತರಬೇಕಾದರೆ 1 ಮಿ.ಮೀ. ಹತ್ತಿರ, ಚೇಂಬರಿನ ಆಕಾರ ನೋಡಿದರೆ ಇನ್ನೂ ಜಾಸ್ತಿನೇ, ಕೆರೆಯಬೇಕಾಗುತ್ತೆ. ಹೆಡ್ ಅಷ್ಟು ಕೆಳಗೆ ಬಂದರೆ ಟೈಮಿಂಗ್ ಬೆಲ್ಟಿನ ಲೆಕ್ಕ ತಪ್ಪಿ ಕ್ಯಾಮ್ ಹಿಂದೆ ಬೀಳುತ್ತೆ, ಆಗ ಅಡ್ಜಸ್ಟ್ ಮಾಡೋ ಕ್ಯಾಮ್ ಪುಲ್ಲಿ ಹುಡುಕಬೇಕು. ವಾಲ್ವಿಗೂ ಪಿಸ್ಟನ್ನಿಗೂ ಮಧ್ಯೆ ಎಷ್ಟು ಜಾಗ ಉಳಿದಿದೆ ಅಂತ ಕ್ಲೇ ಇಟ್ಟು ನೋಡಬೇಕು. ಕ್ಯಾಮ್ ಬದಲಿಸೋರಿಗೆ ಕಂಪ್ರೆಶನ್ ಏರಿಸೋದು ಒಳ್ಳೇದೇ, ಕೆಳಗೆ ಕಳೆದುಹೋದ ಟಾರ್ಕ್ ಸ್ವಲ್ಪ ವಾಪಸ್ ಬರುತ್ತೆ. ಕ್ಯಾಮ್ ಮುಟ್ಟದವರು ಸುಮ್ಮನೆ ಕೆರೆಸಬೇಡಿ.

ಬೋರ್ ಹೊಡೆಸಿ 0.50 ಓವರ್‌ಸೈಜ್ ಪಿಸ್ಟನ್ ಹಾಕಿದರೆ ಪವರ್ ಜಾಸ್ತಿ ಅನ್ನೋದೂ ಇದೆ. ಸಿಗೋದು 18 ಸಿಸಿ. ಒಂದು ಎಚ್‌ಪಿ. ಸವೆದ ಬೋರಿಗೆ ಅದು ಔಷಧಿ, ಟ್ಯೂನಿಂಗ್ ಅಲ್ಲ.

ನನ್ನ ಕೇಳಿದರೆ ದುಡ್ಡು ಹೋಗಬೇಕಾದ ಜಾಗ ವಾಲ್ವ್ ಸೀಟು. ಮೂರು ಕೋನದಲ್ಲಿ ನೀಟಾಗಿ ಕತ್ತರಿಸಿದ ಸೀಟು, ಗ್ಯಾಸ್ಕೆಟ್ಟಿಗೆ ಸರಿಯಾಗಿ ಕೂಡುವ ಪೋರ್ಟು. ಪೋರ್ಟನ್ನ ಕನ್ನಡಿ ಥರ ಪಾಲಿಶ್ ಮಾಡಿ ತೋರಿಸೋರ ಕೈಗೆ ಹೆಡ್ ಕೊಡಬೇಡಿ. ಗಾಳಿಗೆ ಬೇಕಾದ್ದು ಆಕಾರ, ಹೊಳಪಲ್ಲ.

ಯಲಹಂಕ ಡೈನೋ

ಪೆಟ್ರೋಲ್ ವಿಷಯ ಯಾರೂ ಎತ್ತಲಿಲ್ಲ. ಈಗ ಬಂಕಲ್ಲಿ ಸಿಗೋದು ಇ20, ಅಂದ್ರೆ ನೂರಕ್ಕೆ ಇಪ್ಪತ್ತು ಎಥನಾಲ್ ಬೆರೆಸಿದ ಪೆಟ್ರೋಲ್. ನಾಕಿಂಗ್ (ಇಂಧನ ತಾನಾಗೇ ಸಿಡಿದು ಬಡಿಯೋದು) ತಡೆಯೋ ಶಕ್ತಿ ಹಳೇ ಪೆಟ್ರೋಲಿಗಿಂತ ಚೆನ್ನಾಗಿದೆ, ಹಾಗಾಗಿ 10.5ಕ್ಕೆ ಹೆದರಬೇಕಿಲ್ಲ. ಆದರೆ ಸರಿಯಾಗಿ ಉರಿಯೋಕೆ ಬೇಕಾದ ಗಾಳಿ-ಇಂಧನ ಅನುಪಾತ 14.7ರ ಬದಲು 13.5ರ ಆಸುಪಾಸು. ಅಂದ್ರೆ ಅದೇ ಗಾಳಿಗೆ ಜಾಸ್ತಿ ಪೆಟ್ರೋಲ್ ಹಾಕಬೇಕು. 2003ರ ಇಸಿಯು (ಎಂಜಿನ್ ಕಂಪ್ಯೂಟರ್) ಫುಲ್ ಥ್ರಾಟಲಲ್ಲಿ ಅದನ್ನ ತಾನಾಗೇ ಸರಿಮಾಡಿಕೊಳ್ಳಲ್ಲ, ಲೀನ್ ಓಡಿ, ಅಂದ್ರೆ ಪೆಟ್ರೋಲ್ ಸಾಲದೆ, ಪಿಸ್ಟನ್ ಸುಡುತ್ತೆ. ಆದ್ದರಿಂದ ಕ್ಯಾಮಿಗಿಂತ ಮೊದಲು ಸ್ಟ್ಯಾಂಡ್‌ಅಲೋನ್ ಇಸಿಯುಗೆ, ಇಲ್ಲ ಕನಿಷ್ಠ ಪಿಗ್ಗಿಬ್ಯಾಕಿಗೆ (ಕಂಪನಿ ಇಸಿಯು ಜೊತೆ ಸೇರಿಸೋ ಪೆಟ್ಟಿಗೆ), ಮತ್ತೆ ವೈಡ್‌ಬ್ಯಾಂಡ್ ಮೀಟರಿಗೆ (ಆ ಅನುಪಾತ ಅಳೆಯೋದು) ದುಡ್ಡು ತೆಗೆದಿಡಿ. ಹಳೇ ಗಾಡಿಯ ಪೆಟ್ರೋಲ್ ಪೈಪ್, ರಬ್ಬರ್ ಸೀಲೂ ಬದಲಾಯಿಸಿಬಿಡಿ.

ಟರ್ಬೊ ಆಸೆ ಮುಂದೆ ಹುಟ್ಟಿದರೆ: ಅರ್ಧ ಬಾರ್ ಬೂಸ್ಟಿಗೆ (ಟರ್ಬೊ ತುಂಬೋ ಹೆಚ್ಚುವರಿ ಒತ್ತಡ) 115–120 ಎಚ್‌ಪಿ ಅಂತ ಇಟ್ಟುಕೊಳ್ಳಿ. ಎಂಜಿನ್ ತಡೆದರೂ ಈ ಗೇರ್‌ಬಾಕ್ಸ್ ಮುನಿಸಿಕೊಳ್ಳುತ್ತೆ.

ಹಾಸನದ ಎಸ್ಟೀಮ್

ಎಲ್ಲರಿಗೂ ಧನ್ಯವಾದ. 150 ಬಿಟ್ಟೆ. 1.3ರಲ್ಲೇ ಇರ್ತೀನಿ, ಕ್ರ್ಯಾಂಕಿನಲ್ಲಿ 105 ಗುರಿ. ಮುಂದಿನ ವಾರ ಮೊದಲು ಡೈನೋ ರನ್, ಆಮೇಲೆ ಎಂಜಿನ್ ಇಳಿಸೋದು. ಮೃದು ಕ್ಯಾಮ್, ವಾಲ್ವ್ ಸೀಟು, ಹೆಡರ್, ಪಿಗ್ಗಿಬ್ಯಾಕ್, ಬ್ರೇಕು. ಮೈಸೂರಿನವರೇ, ಹೆಡ್ ನಿಮ್ಮಲ್ಲಿಗೇ ತರಬಹುದಾ?

ಮೈಸೂರು ಲೇತ್

ತನ್ನಿ. ಬರುವಾಗ ಹಳೇ ಹೆಡ್ ಗ್ಯಾಸ್ಕೆಟ್ ಬಿಸಾಡಬೇಡಿ, ಅದರ ದಪ್ಪ ಅಳೀಬೇಕು. ಪಿಸ್ಟನ್ ಒಂದನ್ನೂ ಜೊತೆಗೆ ತನ್ನಿ. ಮತ್ತೆ ಯಾರಿಗೂ ಮುಂಚೆ ಫೇಸಿಂಗ್ ಮಾಡೋಕೆ ಬಿಡಬೇಡಿ.